ನಾಚಿಕೆಯಲ್ಲಿ ತಪ್ಪಿಹೋದ ನಾಲ್ಕು ಬೆರಳಗಲ

ಚಾಮರಾಜಪೇಟೆಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಇನ್ನೂ ನಿಂತಿಲ್ಲ. ಗೌರೀಶ್ ಆಗಲೇ ಸ್ಕ್ಯಾನ್ ಸೆಂಟರಿನ ಬಾಗಿಲು ತೆಗೆದಿದ್ದಾರೆ. ಬೆಲ್ಟು, ಗಡಿಯಾರ, ಬೀಗದ ಕೈ ಎಲ್ಲವನ್ನೂ ಹೊರಗಿನ ಗೂಡಿನಲ್ಲಿಟ್ಟು ಎಂಆರ್‌ಐ ಕೋಣೆಗೆ ಹೋಗಿ, ಒಗೆದ ಬೆಡ್‌ಶೀಟು ಹಾಸುತ್ತಾರೆ. ಒಮ್ಮೆ ಹಾಸಿದ್ದನ್ನೇ ಮತ್ತೆ ಎಳೆದು ಸರಿಮಾಡುತ್ತಾರೆ.

"ಇವತ್ತು ಬರಬಾರದಿತ್ತು ನೀವು," ಎಂದು ತಮ್ಮ ಬಗ್ಗೆ ಬರೆಯಲು ಬಂದ ಪತ್ರಿಕೆಯವರಿಗೆ ಹೇಳುತ್ತಾರೆ. "ನನ್ನನ್ನ ಹೊಗಳಿ ಬರೆಯೋ ದಿನ ಅಲ್ಲ ಇದು."

ಫಿಲ್ಮಿನ ಮೇಲೆ ರೋಗಿಯ ಹೆಸರು, ವರದಿಯ ಕೆಳಗೆ ವೈದ್ಯರ ರುಜು. ನಡುವೆ ಕೂತು ಚಿತ್ರ ತೆಗೆದ ತಂತ್ರಜ್ಞ ಯಾರಿಗೂ ನೆನಪಿರುವುದಿಲ್ಲ. ಮಾಗಡಿ ಕಡೆಯ ರಾಗಿ ಬೆಳೆಯುವ ಮನೆಯಿಂದ ಬಂದು ಡಿಪ್ಲೊಮಾ ಮುಗಿಸಿದ ಗೌರೀಶ್ ದಿನಕ್ಕೆ ಹದಿನೈದು ಜನರನ್ನಾದರೂ ಯಂತ್ರದ ಸುರಂಗದೊಳಗೆ ಕಳಿಸಿ, ಹೆದರಿದವರಿಗೆ ಮೈಕಿನಲ್ಲಿ ಧೈರ್ಯ ಹೇಳಿ, ಊಟ ಯಾವಾಗಲೋ ಮಾಡುತ್ತಾರೆ.

ಇಂದು ಮೊದಲು ಬರುವವರು ಗವಿಪುರಂನ ಹೈಸ್ಕೂಲ್ ಟೀಚರ್ ಆಂಡಾಳ್. ಅವರ ತೊಡೆಯ ಒಳಗೆ ಡೆಸ್ಮಾಯ್ಡ್ ಎಂಬ ಗಡ್ಡೆಯಿದೆ. ಕ್ಯಾನ್ಸರಿನಂತೆ ಬೇರೆ ಅಂಗಕ್ಕೆ ಹರಡುವ ಜಾತಿಯಲ್ಲ. ಆದರೆ ಇದ್ದಲ್ಲೇ ಸ್ನಾಯುಗಳ ಸಂದಿಯಲ್ಲಿ ಬೇರುಬಿಡುತ್ತ ಹೋಗುತ್ತದೆ, ಕತ್ತರಿಸಿದರೂ ಮತ್ತೆ ಹುಟ್ಟುವುದುಂಟು. ಅದಕ್ಕೇ ವೈದ್ಯರು ಆಗಾಗ ಎಂಆರ್‌ಐ ಮಾಡಿಸುತ್ತ ಕಾಯುತ್ತಿದ್ದಾರೆ. ಗಡ್ಡೆಯ ಎರಡೂ ತುದಿ ಚಿತ್ರದಲ್ಲಿ ಬಿದ್ದರಷ್ಟೇ ಅದು ಬೆಳೆದಿದೆಯೋ ಇಲ್ಲವೋ, ಔಷಧಿ ಶುರುಮಾಡಬೇಕೋ ಬೇಡವೋ ಗೊತ್ತಾಗುವುದು.

ಗಡ್ಡೆ ಕೈಗೆ ಸಿಗುವ ಜಾಗದಲ್ಲಿ ಎಣ್ಣೆ ತುಂಬಿದ ವಿಟಮಿನ್ ಮಾತ್ರೆ ಅಂಟಿಸುವುದು ಇಲ್ಲಿನ ರೂಢಿ. ಚಿತ್ರದಲ್ಲಿ ಅದು ಬೆಳ್ಳಗೆ ಕಂಡು ಜಾಗ ತೋರಿಸುತ್ತದೆ. ಕಳೆದ ವಾರ ಆಂಡಾಳ್ ಗೌನಿನ ಮೇಲೆಯೇ ಬೆರಳಿಟ್ಟು "ಇಲ್ಲೇ" ಎಂದರು. ಗೌರೀಶ್ ಮುಖ ಆಚೆ ತಿರುಗಿಸಿಕೊಂಡು ಬಟ್ಟೆಯ ಮೇಲೆಯೇ ಮಾತ್ರೆ ಅಂಟಿಸಿದರು. ಗಡ್ಡೆ ಅದಕ್ಕಿಂತ ನಾಲ್ಕು ಬೆರಳು ಮೇಲಕ್ಕೆ, ತೊಡೆಸಂದಿಯವರೆಗೆ ಹೋಗಿತ್ತು. ಮೇಲಿನ ತುದಿ ಚಿತ್ರದಿಂದ ಹೊರಗೇ ಉಳಿಯಿತು.

"ಹೆಣ್ಮಕ್ಳಿಗೆ ಮರ್ಯಾದೆ ಕೊಟ್ಟೆ ಅಂದ್ಕೊಂಡೆ," ಎನ್ನುತ್ತಾರೆ ಗೌರೀಶ್. "ಎಲ್ಲಿ ಮರ್ಯಾದೆ? ನಾಚ್ಕೊಂಡಿದ್ದು ನಾನು. ಇನ್ನೊಂದ್ಸಲ ಬನ್ನಿ ಅಂತ ಫೋನ್ ಮಾಡೋವಾಗ ನೆಲ ಬಾಯಿ ಬಿಡಬಾರದಾ ಅನ್ನಿಸ್ತು."

ನೆಲ ಒರೆಸುತ್ತಿದ್ದ ಆಯಾ ಚಿಕ್ಕಮುನಿಯಮ್ಮ ಸುಮ್ಮನಿರುವವರಲ್ಲ. "ಮದ್ವೆ ಗಂಡಿನ ಥರ ನಾಚ್ಕೊಂಡ್ರೆ ಆಯ್ತದೇನಪ್ಪಾ? ನನ್ನ ಕೂಗಿದ್ರೆ ಬರ್ತಿರ್ಲಿಲ್ವಾ?"

ಆಂಡಾಳ್ ಬರುತ್ತಾರೆ. ಗೌರೀಶ್ ಹೇಳುತ್ತಾರೆ: "ತಪ್ಪಾಯ್ತು ಟೀಚರ್. ಈ ಸಲ ಮುಟ್ಟಿ ನೋಡ್ಬೇಕು. ಚಿಕ್ಕಮುನಿಯಮ್ಮ ನಿಮ್ಮ ಪಕ್ಕಾನೇ ಇರ್ತಾರೆ. ಆಗ್ಬಹುದಾ?"

ಮೇಜಿನ ಮೇಲೆ ಮಲಗಿದ ಆಂಡಾಳ್ ಮೊಳಕೈ ಮಡಚಿ ಕಣ್ಣಿಗೆ ಅಡ್ಡ ಹಿಡಿದು, ಆಗಲಿ ಎಂದು ತಲೆಯಾಡಿಸುತ್ತಾರೆ. "ಹೋದ್ಸಲ ನಾನೇ ಕೆಳಗೆ ತೋರಿಸ್ದೆ. ಹೇಳೋಕೆ ಬಾಯೇ ಬರ್ಲಿಲ್ಲ."

"ಕೇಳೋದು ನನ್ನ ಕೆಲಸ ಆಗಿತ್ತು," ಎನ್ನುತ್ತ ಗೌರೀಶ್ ಮುಟ್ಟಿ ನೋಡಿ, ಗಡ್ಡೆಯ ಮೇಲ್ತುದಿಗೊಂದು, ಕೆಳತುದಿಗೊಂದು ಮಾತ್ರೆ ಅಂಟಿಸುತ್ತಾರೆ. ಈ ಬಾರಿ ಮುಖ ತಿರುಗಿಸುವುದಿಲ್ಲ.

ರೇಡಿಯಾಲಜಿಸ್ಟ್ ಡಾ. ಶರಣ್ಯ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾರೆ. ಎರಡೂ ತುದಿ ಸಿಕ್ಕಿವೆ. ಹಳೆಯ ಸ್ಕ್ಯಾನಿನ ಜೊತೆ ಹೋಲಿಸಿದರೆ ಗಡ್ಡೆ ಬೆಳೆದಿದೆ, ಬೆಳೆದಿರುವುದು ಮೇಲಕ್ಕೇ. ಇನ್ನು ಔಷಧಿಯ ಮಾತಾಡಬೇಕು ಎಂದು ಅವರೇ ಆಂಡಾಳ್ ಅವರನ್ನು ಕೂರಿಸಿಕೊಂಡು ತಿಳಿಸುತ್ತಾರೆ. ಗೌರೀಶ್ ಗಾಜಿನ ಆಚೆ ತಲೆ ತಗ್ಗಿಸಿ ನಿಂತಿದ್ದಾರೆ.

ಹೊರಡುವ ಮುನ್ನ ಆಂಡಾಳ್ ಗೌರೀಶರ ಬಳಿ ಬಂದು ಕೇಳುತ್ತಾರೆ: "ಮುಂದಿನ ಸಲಾನೂ ನೀವೇ ಇರ್ತೀರಾ?"

"ಬೇಡ ಅಂದ್ರೆ ಲೇಡಿ ಟೆಕ್ನಿಷಿಯನ್ ಇರೋ ಕಡೆ ಬರೆಸಿಕೊಡ್ತೀನಿ, ಟೀಚರ್."

"ಬೇಡ, ನೀವೇ ಇರಿ. ಮತ್ತೊಬ್ಬರ ಮುಂದೆ ಮೊದಲಿಂದ ನಾಚ್ಕೊಳ್ಳೋ ಶಕ್ತಿ ನನಗಿಲ್ಲ."

ಅವರು ಹೋದ ಮೇಲೆ ಗೌರೀಶ್ ಬೆಡ್‌ಶೀಟು ಮಡಚುತ್ತಾರೆ. "ನನ್ನ ಮೇಲೆ ನಂಬಿಕೆ ಇಟ್ಟು ಹಾಗಂದ್ರು ಅಂತ ಬರೀಬೇಡಿ," ಎನ್ನುತ್ತಾರೆ. "ಆ ಹೆಣ್ಮಗಳಿಗೆ ಸಾಕಾಗಿದೆ, ಅಷ್ಟೇ. ಮುಂದಿನ ಸಲ ಅವರು ಬರೋ ಹೊತ್ತಿಗೆ ನಂಬಿಕೆನೂ ಬಂದ್ರೆ, ಆಗ ಬನ್ನಿ."