ಇಡ್ಲಿಗೆ ಪೆಟ್ರೋಲ್ ವಾಸನೆ

ಮಕರ್‌ಪುರದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ನಮ್ಮ ಹೋಟೆಲಿನಿಂದ ಬೆಳಿಗ್ಗೆ ಇಡ್ಲಿ ಹೋಗುತ್ತದೆ. ಒಂದು ಶನಿವಾರ ಡಬ್ಬಿಗಳು ಹೋದ ಹಾಗೆಯೇ ವಾಪಸು ಬಂದವು. ಹಿಂದೆಯೇ ಕ್ಯಾಂಟೀನ್ ನೋಡಿಕೊಳ್ಳುವವರ ಫೋನು.

"ಬೆನ್, ಇಡ್ಲಿ ಸಾರಿ ಛೇ, ಪಣ ಪೆಟ್ರೋಲ್ ಕೇಮ್?"

ಅಕ್ಕಾ, ಇಡ್ಲಿ ಚೆನ್ನಾಗಿದೆ, ಆದರೆ ಪೆಟ್ರೋಲ್ ಯಾಕೆ ಎಂದು ಗುಜರಾತಿಯಲ್ಲಿ ಇಷ್ಟು ಮರ್ಯಾದೆಯಿಂದ ಕೇಳಿದರೆ ನಗಬೇಕೋ ಅಳಬೇಕೋ. ಸೋಮವಾರವೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅದೇ ಮರ್ಯಾದೆಯಲ್ಲಿ ಹೇಳಿ ಫೋನಿಟ್ಟರು. ಮಂಜಲ್‌ಪುರದ ನಮ್ಮ ಪುಟ್ಟ ಹೋಟೆಲು ನಿಂತಿರುವುದೇ ಆ ಕ್ಯಾಂಟೀನಿನ ಮೇಲೆ.

ಹೋಟೆಲಿನಲ್ಲಿ ಅಡುಗೆ ನನ್ನ ಗಂಡನದು. ಪಿಕಪ್ ಓಡಿಸುವುದೂ ಅವರೇ. ಉಡುಪಿ ಕಡೆಯಿಂದ ಬಂದು ಇಷ್ಟು ವರ್ಷವಾದರೂ ಎರಡನ್ನೂ ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅವರು ಪಿಕಪ್ಪಿನ ಬಾಗಿಲು ತೆಗೆದು, ತಲೆ ಒಳಗೆ ಹಾಕಿ, ಜೋರಾಗಿ ಉಸಿರೆಳೆದರು.

"ಎಂತ ವಾಸನೆಯೂ ಇಲ್ಲ ಮಾರಾಯ್ತಿ. ಅವರಿಗೆ ಇಡ್ಲಿ ಸಾಕಾಗಿದೆ, ಢೋಕ್ಲಾ ಬೇಕಾಗಿರ್ಬೇಕು."

"ಅಲ್ಲ ಮಾರಾಯ್ರೆ, ನಾನು ಗೇಟಿನ ಹತ್ತಿರ ನಿಂತಿದ್ದೇನೆ. ಇಲ್ಲಿಗೇ ಬರ್ತಾ ಉಂಟು."

"ನಿನ್ನ ಮೂಗೊಂದು."

ನನಗೆ ಪಿತ್ತ ನೆತ್ತಿಗೇರಿತು. ನನ್ನ ತವರಿನವರಿಗೆ ಹೆಸರಿಟ್ಟರೆ ಸಹಿಸಿಕೊಂಡೇನು, ಮೂಗಿಗೆ ಹೆಸರಿಟ್ಟರೆ ಇಲ್ಲ.

ಮರುದಿನ ಭಾನುವಾರ, ಗ್ಯಾರೇಜಿಗೆ ರಜೆ. ನಾನೇ ಸೆರಗು ಸಿಕ್ಕಿಸಿಕೊಂಡು ಇಳಿದೆ. ಪಿಕಪ್ಪಿನ ಕೆಳಗೆ ನೆಲ ಒಣಗಿತ್ತು. ಸೀಟು ಎತ್ತಿ ಎಂಜಿನ್ ಮೂಸಿದರೆ ಬರೀ ಆಯಿಲಿನ ಜಿಡ್ಡು ವಾಸನೆ. ಪೆಟ್ರೋಲ್ ಹಾಕುವ ಬಾಯಿಯ ಹತ್ತಿರ ಬಂದಾಗ ಮಾತ್ರ ತಲೆ ಗಿರ್ರೆಂದಿತು. ಅದು ಮುಚ್ಚಳದಿಂದಲೋ, ಕೆಳಗಿನ ಪೈಪಿನಿಂದಲೋ?

ಗ್ಯಾಸ್ ಸಿಲಿಂಡರ್ ಆಗಿದ್ದರೆ ಸೋಪಿನ ನೊರೆ ಹಚ್ಚಿ ನೋಡಬಹುದಿತ್ತು. ಇಲ್ಲಿ ಬೇಕಾದದ್ದು ಒದ್ದೆಯಾದರೆ ಬಣ್ಣ ಬದಲಾಗುವಂಥದ್ದು. ಒಳಗಿಂದ ರಂಗೋಲಿ ಪುಡಿ ತಂದು ಮುಚ್ಚಳದ ಸುತ್ತ, ಪೈಪಿನ ಉದ್ದಕ್ಕೂ ಚೆನ್ನಾಗಿ ಮೆತ್ತಿದೆ. ಪಕ್ಕದ ಮನೆಯಾಕೆ ಬಾಲ್ಕನಿಯಿಂದ ಇವತ್ತು ಯಾವ ಹಬ್ಬ ಎಂದು ಹಿಂದಿಯಲ್ಲಿ ಕೇಳಿದರು. ಗಾಡಿ ಪೂಜೆ ಎಂದೆ. ಅಲ್ಲಿಂದಲೇ ಕೈಮುಗಿದರು.

"ಒಂದು ಸುತ್ತು ಹೊಡ್ಕೊಂಡು ಬನ್ನಿ" ಎಂದೆ. ಗಂಡ ಗೊಣಗುತ್ತ ಹೋಗಿ ಬಂದರು. ಪೈಪಿನ ಮೇಲಿನ ಪುಡಿ ಬೆಳ್ಳಗೆ ಹಾಗೇ ಇತ್ತು. ಮುಚ್ಚಳದ ಕೆಳಗಿನದು ಮಾತ್ರ ಮಳೆಗಾಲದ ಉಪ್ಪಿನ ಹಾಗೆ ಒದ್ದೆಯಾಗಿತ್ತು. ಮುಚ್ಚಳ ತಿರುಗಿಸಿ ತೆಗೆದರೆ, ಒಳಗಿನ ರಬ್ಬರು ಉಬ್ಬಿ ಅಂಕುಡೊಂಕಾಗಿ ಕೂತಿತ್ತು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು.

"ಇದು ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಅಲ್ವಾ?"

"ಮೊದಲಿನದ್ದು ಹರಿದು ಹೋಗಿತ್ತು. ಹಳೇ ಗ್ಯಾಸ್ಕೆಟ್ ಕತ್ತರಿಸಿ ಹಾಕಿದೆ" ಎಂದರು, ಸ್ವಲ್ಪವೂ ಅಳುಕಿಲ್ಲದೆ. "ಅಷ್ಟು ಬೇಳೆ ಬೇಯುವಾಗ ಉಗಿ ತಡೆದದ್ದು, ಪೆಟ್ರೋಲ್ ತಡೆಯುದಿಲ್ಲವಾ?"

ತಡೆದಿರಲಿಲ್ಲ. ಇವರಿಗೋ ಟ್ಯಾಂಕ್ ಕಂಠಮಟ್ಟ ತುಂಬಬೇಕು. ಬಂಕಿನಲ್ಲಿ ಪೈಪು ತಾನಾಗಿ ನಿಂತ ಮೇಲೂ "ಔರ್ ಥೋಡಾ" ಎನ್ನುತ್ತಾರೆ. ಪಾಯಸ ಬಡಿಸಿಕೊಂಡ ಹಾಗೆ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ತಿರುವು ಬಂದಾಗೆಲ್ಲ ಪೆಟ್ರೋಲ್ ತುಳುಕಿ, ಅದರ ವಾಸನೆ ಟಾರ್ಪಾಲಿನ ಕೆಳಗೆ ಇಡ್ಲಿಗಳ ಜೊತೆ ಪ್ರಯಾಣ ಮಾಡಿದೆ.

ಗೆದ್ದ ಖುಷಿಯಲ್ಲಿ ಆ ರಬ್ಬರನ್ನು ಅವರ ಕೈಗಿಟ್ಟೆ. "ಈಗ ಮೂಸಿ ನೋಡಿ. ಆಮೇಲೆ ನನ್ನ ಮೂಗಿನ ಬಗ್ಗೆ ಮಾತಾಡಿ."

ಮೂಸಿದರು. ಮೊಳ ದೂರದಲ್ಲಿದ್ದ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಅವರ ಮುಖದ ಒಂದು ಗೆರೆಯೂ ಅಲುಗಲಿಲ್ಲ. ಇನ್ನೊಮ್ಮೆ ಮೂಸಿದರು.

"ನಿಮಗೆ ಗೊತ್ತಾಗುದಿಲ್ಲವಾ?"

"ಕೊರೋನಾ ಬಂದ ಮೇಲೆ ಎಂತದ್ದೂ ಗೊತ್ತಾಗುದಿಲ್ಲ" ಎಂದರು. "ಇಂಗಿನದ್ದೂ ಇಲ್ಲ. ಅಡುಗೆಯವನಿಗೆ ಮೂಗಿಲ್ಲ ಅಂತ ಯಾರ ಹತ್ತಿರ ಹೇಳುದು?"

ನನ್ನ ಗೆಲುವೆಲ್ಲ ಅಲ್ಲೇ ಇಳಿದುಹೋಯಿತು. ಆ ಕಾಯಿಲೆಯಿಂದ ಎದ್ದ ಮೇಲೆ ದಿನಾ ಬೆಳಿಗ್ಗೆ ಒಲೆಯ ಹತ್ತಿರ ನನ್ನನ್ನು ಕರೆದು, "ಸಾಂಬಾರಿಗೆ ಇಂಗು ಸಾಕಾ ನೋಡು, ಒಗ್ಗರಣೆ ಸೀಯ್ತದಾ ನೋಡು" ಎನ್ನುತ್ತಿದ್ದರು. ಕೊನೆಗೂ ನನ್ನ ಮಾತಿಗೆ ಬೆಲೆ ಬಂತೆಂದು ತಂಗಿಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡಿದ್ದೆ. ಪಾಪ, ಇಷ್ಟು ದಿನ ಒಬ್ಬರೇ ನುಂಗಿಕೊಂಡಿದ್ದರಲ್ಲ.

ಸ್ಪೇರ್ ಪಾರ್ಟ್ಸ್ ಅಂಗಡಿಯೊಂದು ತೆರೆದಿತ್ತು. ಹೊಸ ಮುಚ್ಚಳ ತಂದು ಹಾಕಿದೆವು. ಪಿಕಪ್ಪಿನ ಹಿಂಭಾಗ ತೊಳೆದು, ಟಾರ್ಪಾಲು ಬದಲಿಸಿ, ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲ್ ಇಳಿಸಿದೆವು. ಅದನ್ನು ಇಳಿಸುವಾಗ ಅವರ ಮುಖ ನೋಡಬೇಕಿತ್ತು.

ಸೋಮವಾರ ಡಬ್ಬಿಗಳು ಖಾಲಿಯಾಗಿ ಬಂದವು. ಫೋನು ಬರಲಿಲ್ಲ. ಗಂಡ ಒಂದು ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು.

"ಈಗ ಎಂತ ವಾಸನೆ ಉಂಟು?"

"ಇಡ್ಲಿದು."

"ಅದು ಗೊತ್ತು. ಹೇಗುಂಟು ಹೇಳು."

ಚೂರು ಹುಳಿ, ಒದ್ದೆ ಬಟ್ಟೆ, ಬಿಸಿ ಉದ್ದು ಎಂದು ಹುಡುಕಿ ಹುಡುಕಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.