ಅಣ್ಣ ಹೇಳದೆ ಹೋದ ಐದನೆಯ ಕಥೆ

ದೆವ್ವ, ಭೂತ ಎಂದರೆ ನಗುವವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಐದು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಭಾಲ್ಕಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಏನೆಂದು ಕರೆಯಬೇಕೋ ಇವತ್ತಿಗೂ ತಿಳಿದಿಲ್ಲ. ನಡೆದ ಹಾಗೇ ಬರೆಯುತ್ತೇನೆ, ನೀವೇ ನೋಡಿ.

ನನ್ನ ಅಣ್ಣ ಔರಾದಿನಲ್ಲಿ ಇಂಗ್ಲಿಷ್ ಮಾಸ್ತರನಾಗಿದ್ದ. ಅವನಿಗೆ ಹಳೆಯ ಇಂಗ್ಲಿಷ್ ದೆವ್ವದ ಸಿನಿಮಾಗಳ ಹುಚ್ಚು. ಅದರಲ್ಲೂ ಒಂದೇ ಸಿನಿಮಾದೊಳಗೆ ನಾಲ್ಕೈದು ಸಣ್ಣ ಕಥೆಗಳಿರುವಂಥವು ಬಲು ಇಷ್ಟ. ಶನಿವಾರ ಶಾಲೆ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದ. ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿ, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಾರಕ್ಕೊಂದೇ ಕಥೆ ತೋರಿಸುತ್ತಿದ್ದ. ಅವ್ವನಿಗೆ ಇಂಗ್ಲಿಷಿನ ಗಂಧವಿಲ್ಲ. ಅವನು ಟಿವಿಯ ದನಿ ತಗ್ಗಿಸಿ ನಮ್ಮ ಮಾತಿನಲ್ಲಿ ಹೇಳುತ್ತ ಹೋದರೆ ಅವ್ವ ನಡುನಡುವೆ ‘ಹ್ಞೂಂ’ ಎನ್ನಬೇಕು. ಹೂಂಗುಡುವವರಿಲ್ಲದಿದ್ದರೆ ಕಥೆ ಮುಂದೆ ಸಾಗಬಾರದು ಎಂಬುದು ನಮ್ಮ ಮನೆಯ ರೂಢಿ. ಲಂಡನ್ನಿನ ಪ್ರೇತಗಳೂ ಅವ್ವ ಹೂಂ ಎನ್ನುವವರೆಗೆ ಕಾಯುತ್ತಿದ್ದವು.

ಅಂಥ ಒಂದು ಸಿನಿಮಾದ ನಾಲ್ಕನೆಯ ಕಥೆ ಮುಗಿದ ಶನಿವಾರ, ಬೀದರಿನ ಕಚೇರಿಯಿಂದ ದಣಿದು ಬಂದ ನಾನು ಅಣ್ಣನ ಮೇಲೆ ಹರಿಹಾಯ್ದೆ. ಆ ವಾರ ಅವ್ವನ ಬಿ.ಪಿ. ಏರಿತ್ತು. ‘ವಯಸ್ಸಾದಾಕಿಗಿ ಬರೇ ಸಾವಿನ ಕಥಿ ಯಾಕ ಹೇಳ್ತಿ? ಇನ್ನಮ್ಯಾಲ ಇವು ಹಿಡ್ಕೊಂಡು ಈ ಮನಿಗಿ ಬರಬ್ಯಾಡ’ ಎಂದುಬಿಟ್ಟೆ. ಅವನು ನಕ್ಕ. ಆದರೆ ರಾತ್ರಿ ಉಳಿಯಬೇಕಾದವನು ಸಂಜೆಯ ಬಸ್ಸಿಗೇ ಹೊರಟುಹೋದ. ಬುಧವಾರ ಪಾಠ ಮಾಡುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುಸಿದನಂತೆ. ನಾವು ಔರಾದ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅವನಿಗೆ ಆಡಿದ ಕೊನೆಯ ಮಾತು ಅದೇ ಆಯಿತು. ಅವ್ವ ಅದನ್ನು ಒಮ್ಮೆಯೂ ಎತ್ತಿ ಆಡಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಎರಡು ತಿಂಗಳ ಮೇಲೆ ಒಂದು ಶನಿವಾರ ಬೇಗ ಮನೆಗೆ ಬಂದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಒಳಗೆ ಅವ್ವ ‘ಹ್ಞೂಂ... ಹ್ಞೂಂ...’ ಎನ್ನುತ್ತಿದ್ದಳು. ನಾನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋದೆ. ಟಿವಿಯಲ್ಲಿ ಆ ಸಿನಿಮಾದ ಐದನೆಯ ಕಥೆ ಓಡುತ್ತಿತ್ತು. ಪೆನ್‌ಡ್ರೈವ್ ಅಲ್ಲೇ ಉಳಿದಿತ್ತು, ರಿಮೋಟು ಒತ್ತುವುದನ್ನು ಅಣ್ಣನೇ ಅವಳಿಗೆ ಕಲಿಸಿದ್ದ. ಆದರೆ ಟಿವಿಯ ದನಿ ಪೂರ್ತಿ ಬಂದ್ ಆಗಿತ್ತು. ಅವ್ವ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಿದ್ದಳು.

‘ಏನ್ ಮಾಡ್ಲತ್ತಿ ಅವ್ವಾ?’

‘ಜರಾ ಸುಮ್ಕಿರು. ಅಣ್ಣ ಕಥಿ ಹೇಳ್ಲತ್ಯಾನ.’

ದುಃಖಕ್ಕೆ ಹೀಗೆ ಆಡುತ್ತಿದ್ದಾಳೆ ಎಂದುಕೊಂಡೆ. ಮುಗಿದ ಮೇಲೆ ಅವ್ವ ನನಗೂ ಆ ಕಥೆ ಹೇಳಿದಳು. ರೈಲು ತಪ್ಪಿಸಿಕೊಂಡ ಒಬ್ಬ ಹೆಂಗಸು, ಪಾಳುಬಿದ್ದ ಸ್ಟೇಷನ್ನು, ಕಂದೀಲು ಹಿಡಿದು ದಾರಿ ತೋರಿಸುವ ಸ್ಟೇಷನ್ ಮಾಸ್ತರ. ಅಷ್ಟನ್ನು ಚಿತ್ರ ನೋಡಿಯೇ ಹೇಳಬಹುದು. ‘ಆ ಮಾಸ್ತರ ಆಕಿ ಸ್ವಂತ ತಮ್ಮ. ಹರೇದಾಗೇ ಹೊಳ್ಯಾಗ ಮುಳುಗಿ ಸತ್ತಿದ್ದ’ ಎಂದೂ ಹೇಳಿದಳು. ಆಮೇಲೆ ನಾನು ದನಿ ಇಟ್ಟು ಮೂರು ಸಲ ನೋಡಿದ್ದೇನೆ. ಅವ್ವ ಹೇಳಿದ್ದು ಸರಿ. ಆದರೆ ಅದು ಬರುವುದು ಇಂಗ್ಲಿಷಿನ ಎರಡೇ ಮಾತಿನಲ್ಲಿ, ಚಿತ್ರದಲ್ಲಿ ಎಲ್ಲೂ ಇಲ್ಲ. ಅಣ್ಣ ಮೊದಲೇ ಹೇಳಿಟ್ಟಿದ್ದನೇ? ಮುಂದಿನ ವಾರದ ಕಥೆಯನ್ನು ಅವನು ಎಷ್ಟು ಗೋಗರೆದರೂ ಬಿಟ್ಟುಕೊಡುತ್ತಿರಲಿಲ್ಲ. ಅವ್ವನಿಗೆ ಅದು ತಿಳಿಯಲು ಬೇರೆ ದಾರಿ ನನಗೆ ಹೊಳೆದಿಲ್ಲ.

ಈ ತರ್ಕವೆಲ್ಲ ಆಮೇಲಿನದು. ಆ ಮಧ್ಯಾಹ್ನ ನನ್ನ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

‘ಅವ್ವಾ, ನನ್ನ ಬಗ್ಗಿ ಏನರ ಅಂದನೇನು?’

ಅವ್ವ ರಿಮೋಟು ಒತ್ತಿ ಟಿವಿ ಆರಿಸಿದಳು. ನನ್ನ ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು.

‘ಇಲ್ಲವ್ವ. ಬರೇ ಕಥಿ ಹೇಳ್ದ’ ಎಂದಳು.

ದೆವ್ವಗಳನ್ನು ನಂಬದ ನಾನು, ನನ್ನ ಹೆಸರೆತ್ತದೆ ಹೋದನಲ್ಲ ಎಂದು ಅಲ್ಲೇ ಕೂತು ಅತ್ತೆ.