ಕೇಳದೆ ಕೊಟ್ಟ ಕತೆ

ಮಸಿ ಗುಳಿಗೆಯನ್ನು ಬೆಚ್ಚಗಿನ ನೀರಿನಲ್ಲಿ ಕದಡಿದಾಗ ಏಳುತ್ತಿದ್ದ ಆ ತುಸು ಕಹಿಯಾದ ವಾಸನೆ ನಿಮ್ಮಲ್ಲಿ ಯಾರಿಗಾದರೂ ನೆನಪಿದೆಯೆ? ನನಗೆ ಅದು ಕಟಕೋಳದ ನಮ್ಮ ಮನೆಯ ವಾಸನೆ, ದೊಡ್ಡವ್ವನ ಸೆರಗಿನ ವಾಸನೆ. ನನ್ನ ತಂದೆಯ ಅಣ್ಣನ ಹೆಂಡತಿ ಆಕೆ. ಸವದತ್ತಿಯಲ್ಲಿ ಏಳನೆಯ ಇಯತ್ತೆ ಮುಗಿಸಿ ಮದುವೆಯಾಗಿ ಬಂದವಳು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ, ನಾವು ಮಕ್ಕಳು ಬರೆದು ಬಿಟ್ಟ ನೋಟ್‌ಬುಕ್ಕುಗಳ ಖಾಲಿ ಹಾಳೆಗಳನ್ನು ಕಿತ್ತು, ದಾರದಿಂದ ಹೊಲಿದು, ತಿಂಗಳಿಗೊಂದು ಕತೆ ಬರೆಯುತ್ತಿದ್ದಳು. ಸೋಮವಾರ ಊರಲ್ಲಿ ಎತ್ತು ಹೂಡುತ್ತಿರಲಿಲ್ಲವಾದ್ದರಿಂದ ಹೆಂಗಸರಿಗೆ ತುಸು ಬಿಡುವು. ಅಂದು ಆ ಪುಸ್ತಕ ಓಣಿಯ ಮನೆಮನೆ ತಿರುಗುತ್ತಿತ್ತು. ಅಕ್ಷರ ಬಲ್ಲ ಸೊಸೆಯೊಬ್ಬಳು ಓದುವಳು, ಉಳಿದವರು ಶೇಂಗಾ ಸುಲಿಯುತ್ತ ಕೇಳುವರು.

ಕತೆಗಳೆಲ್ಲ ಆ ಹೆಂಗಸರವೇ. ಆದರೆ ದೊಡ್ಡವ್ವನಿಗೊಂದು ನೇಮವಿತ್ತು. ಯಾರ ಸಂಗತಿ ಕತೆಯಾಗಿದೆಯೋ ಅವರನ್ನು ಅಡುಗೆಮನೆಯಲ್ಲಿ ಕೂರಿಸಿ ಮೊದಲು ಅವರಿಗೇ ಓದುವಳು. "ಬ್ಯಾಡ ಅನಸಿದ್ರ ಹೇಳವಾ, ಈಗ ಹರದು ಒಲಿಗೆ ಹಾಕತೇನಿ" ಎನ್ನುವಳು. ಹಾಗೆ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಇಡೀ ತಿಂಗಳ ಬರಹ ರೊಟ್ಟಿಯ ಹಂಚಿನ ಕೆಳಗೆ ಉರಿದುಹೋದರೂ ಮುಖ ಸಣ್ಣ ಮಾಡುತ್ತಿರಲಿಲ್ಲ, ಪುಣ್ಯಾತ್ಮಳು. ಗಂಡನಿಗೂ ಹೇಳದ್ದನ್ನು ಹೆಂಗಸರು ಆಕೆಗೆ ಹೇಳುತ್ತಿದ್ದುದು ಇದಕ್ಕೇ.

ಪಕ್ಕದ ಮನೆಯ ಗಂಗವ್ವ ಹೇಳಿದ್ದೂ ಹಾಗೆಯೇ. ಅವಳ ಮಗಳು ನೀಲಾ ಗಂಡನ ಮನೆಗೆ ಹೊರಟ ದಿನ ದಾರಿಯ ಬಾವಿಗೆ ಬಿದ್ದು ಸತ್ತಿದ್ದಳು. ಕಾಲು ಜಾರಿತೆಂದು ಊರು ನಂಬಿತ್ತು. ಬಾವಿಯ ದಂಡೆಯ ಮೇಲೆ ಬಿಚ್ಚದೆ ಉಳಿದಿದ್ದ ರೊಟ್ಟಿಯ ಬುತ್ತಿಯನ್ನು ಎಲ್ಲರೂ ನೋಡಿದ್ದರು. ಆದರೆ ಅಂದು ಮುಂಜಾನೆ ಮಗಳು "ಕಳಸಬ್ಯಾಡವ್ವಾ" ಎಂದು ಕಾಲು ಹಿಡಿದು ಅತ್ತದ್ದು, ತಾಯಿಯೇ ಬೈದು, ಬುತ್ತಿ ಕೈಗಿಟ್ಟು ಹೊಸ್ತಿಲು ದಾಟಿಸಿದ್ದು ಗಂಗವ್ವನೊಬ್ಬಳಿಗೇ ಗೊತ್ತಿತ್ತು. ಎರಡು ವರ್ಷದ ಮೇಲೆ ದೊಡ್ಡವ್ವನಿಗೂ ಗೊತ್ತಾಯಿತು.

ದೊಡ್ಡವ್ವ ಅದನ್ನು ಬರೆದಳು. ಓದಿ ಕೇಳಿಸಬೇಕೆನ್ನುವಾಗ ಗಂಗವ್ವ ತಮ್ಮನ ಮನೆಗೆಂದು ರಾಮದುರ್ಗಕ್ಕೆ ಹೋಗಿದ್ದಳು. ಸೋಮವಾರ ಬಂದೇ ಬಂತು. ಓಣಿಯವರು "ಪುಸ್ತಕ ಎಲ್ಲೈತ್ರಿ ಅಕ್ಕಾರ?" ಎಂದು ಬಾಗಿಲಿಗೇ ಬಂದರು. ತಾನು ಬರೆದವುಗಳಲ್ಲೆಲ್ಲ ಇದೇ ಚೆಂದ ಎಂಬ ಹೆಮ್ಮೆಯೂ ಆಕೆಗಿತ್ತು, ಸುಳ್ಳೇಕೆ ಹೇಳಲಿ. "ಹೆಸರು ಬದಲ ಮಾಡೇನಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಕೊಟ್ಟುಬಿಟ್ಟಳು. ಹೆಸರು, ಊರು ಬದಲಿಸಿದವಳು ಬಾವಿಯ ದಂಡೆಯ ಬುತ್ತಿಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದಳು. ಪುಸ್ತಕ ಮೂರನೆಯ ಮನೆ ಮುಟ್ಟುವಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು.

ಗಂಗವ್ವ ಊರಿಗೆ ಮರಳಿ ಬಸ್ಸಿಳಿಯುತ್ತಿದ್ದಂತೆ ಯಾರೋ ಕನಿಕರದಿಂದ ಕೈಹಿಡಿದು ಆ ಮುಂಜಾನೆಯ ಬಗ್ಗೆ ಕೇಳಿದರಂತೆ. ಗಂಟನ್ನು ಮನೆಯಲ್ಲಿಡದೆ ನೇರ ನಮ್ಮ ಪಡಸಾಲೆಗೆ ಬಂದಳು. ಕೂಗಾಡಲಿಲ್ಲ.

"ನಾ ನಿನಗ ಹೇಳಿದ್ನಿ ಯಕ್ಕಾ. ಊರಿಗೆ ಹೇಳಿದ್ದಿಲ್ಲ."

"ತಪ್ಪಾತವಾ, ನಂದ ತಪ್ಪಾತು" ಎಂದು ದೊಡ್ಡವ್ವ ಅವಳ ಕಾಲಿಗೆ ಬಿದ್ದಳು. ಆ ಪುಸ್ತಕವನ್ನು ಅವಳ ಕಣ್ಣೆದುರೇ ಸುಟ್ಟಳು. ಕೇಳಿದವರ ಕಿವಿಯೊಳಗಿನದನ್ನು ಸುಡಲು ಯಾವ ಒಲೆಯಿದೆ?

ಓಣಿಯಲ್ಲಿ ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಮುಂದಿನ ತಿಂಗಳ ಪುಸ್ತಕ "ಕಣ್ಣ ಸರಿ ಕಾಣವಲ್ವುರಿ" ಎಂಬ ಮಾತಿನೊಂದಿಗೆ ಮರಳಿತು. ದೊಡ್ಡವ್ವ ನೀರಿಗೆ ಹೋದರೆ ಹೆಂಗಸರ ಮಾತು ಜೋಳದ ಕಡೆಗೆ, ಮಳೆಯ ಕಡೆಗೆ ಹೊರಳುತ್ತಿತ್ತು. ಆಕೆ ಹಕ್ಕಿಯದೊಂದು, ಹಬ್ಬದ್ದೊಂದು ಎಂದು ಮತ್ತೆರಡು ಬರೆದಳು. ಅವನ್ನು ಯಾರೂ ಕೇಳಲಿಲ್ಲ. ಆಮೇಲೆ ಬರೆಯುವುದನ್ನೇ ಬಿಟ್ಟಳು.

ಮುಂದೆ ಆಕೆ ಹಾಸಿಗೆ ಹಿಡಿದಾಗ ದಿನಾ ಬಂದು ಗಂಜಿ ಕುಡಿಸಿದವಳು, ಕಾಲೊತ್ತಿದವಳು ಗಂಗವ್ವನೇ. ಎಮ್ಮೆ ಈದದ್ದು, ಸೊಸೆಯ ಸಿಡುಕು, ಎಲ್ಲ ಹೇಳುವಳು. ಒಂದು ಮಧ್ಯಾಹ್ನ ದೊಡ್ಡವ್ವ ಅವಳ ಕೈ ಹಿಡಿದು "ನಮ್ಮ ನೀಲಾ..." ಎಂದಳು. ಗಂಗವ್ವ ಕೌದಿ ಸರಿಮಾಡಿ, "ಮಲಕೋ ಯಕ್ಕಾ, ದಣದೀ" ಎಂದು ಬಟ್ಟಲು ತೊಳೆಯಲು ಎದ್ದುಹೋದಳು. ದೊಡ್ಡವ್ವ ಗೋಡೆಯ ಕಡೆ ತಿರುಗಿ ಅತ್ತಳು.

ಇಬ್ಬರೂ ಹೋದರು, ಆ ಮನೆಯೂ ಹೋಯಿತು. ನಾನೂ ಬರೆಯುವವಳಾದೆ, ನಂಬಿ ಓದುವ ನಿಮ್ಮಂಥವರು ನಾಲ್ಕು ಜನ ಸಿಕ್ಕಿರಿ. ಇಷ್ಟು ವರ್ಷ ಇದೊಂದನ್ನು ಬರೆದಿರಲಿಲ್ಲ, ಇಂದು ಬರೆದೆ. ಹೆಸರು ಬದಲಿಸಿದ್ದೇನೆ. ಗಂಗವ್ವನನ್ನು ಕೇಳಿಲ್ಲ.